ಮೊದಲ ತಿರುವಿಗೇ ನಿಂತ ಗಾಡಿ

ಚಿತ್ರದುರ್ಗದ ಮೆಕ್ಯಾನಿಕ್ ಓಬಣ್ಣ, ಗುಜರಿಯಲ್ಲಿ ಸಿಕ್ಕ ನಲವತ್ತು ವರ್ಷದ ಹಳೇ ಬೈಕೊಂದಕ್ಕೆ ಆರು ತಿಂಗಳು ಕೂತು ಜೀವ ಕೊಟ್ಟಿದ್ದ. ಹುಡುಗ ಹುಡುಗಿಯರು ಕಲ್ಲುಗುಡ್ಡ ಹತ್ತಲೆಂದೇ ಮಾಡಿದ ಹಗುರ ಗಾಡಿ ಅದು. ಭಾನುವಾರದ ಗುಡ್ಡ ಹತ್ತುವ ರೇಸಿನಲ್ಲಿ ಅವನ ಮಗಳು ಚಂದ್ರಿಕಾ ಅದನ್ನು ಓಡಿಸಬೇಕಿತ್ತು.

ಶನಿವಾರ ರೇಸ್ ಕಮಿಟಿ ಅಧ್ಯಕ್ಷ ಪಂಪಾಪತಪ್ಪ ಗ್ಯಾರೇಜಿಗೆ ಬಂದರು. "ಈ ಗಾಡಿ ನನ್ನ ಬಂಗಲೆ ಮುಂದೆ ನಿಲ್ಲಬೇಕು ಕಣೋ. ಇಲ್ಲಾಂದ್ರೆ ನಿನ್ನ ಮಗಳ ಹೆಸರು ಪಟ್ಟಿಯಿಂದ ಔಟ್!"

ಓಬಣ್ಣ ಕೈ ಒರೆಸಿಕೊಂಡ. "ಆಗ್ಲಿ ಸಾರ್. ನೀವೇ ಓಡಿಸಿ. ಎದುರಿನ ಗುಡ್ಡ ಹತ್ತಿದ್ರೆ ಗಾಡಿ ನಿಮ್ಮದು. ನಡುವೆ ನಿಂತ್ರೆ ಗಾಡಿನೂ ಮಗಳದ್ದೇ, ಹೆಸರೂ ಇರಬೇಕು. ಆದ್ರೆ ಹೊರಡೋ ಮುಂಚೆ ಒಂದು ಮಾತು..."

"ಬಾಯ್ಮುಚ್ಚೋ! ನೀನು ಹುಟ್ಟೋ ಮೊದಲೇ ಬೈಕ್ ಓಡಿಸ್ದೋನು ನಾನು!" ಇಡೀ ಬೀದಿಗೆ ಕೇಳಿಸಿತು.

ಓಬಣ್ಣ ಗಾಡಿಯನ್ನು ಬೀದಿಗೆ ತಳ್ಳಿ ತಂದು ಅವರ ಕೈಗೆ ಕೊಟ್ಟ.

ಒಂದೇ ಕಿಕ್ಕಿಗೆ ಗಾಡಿ ಗುಡುಗಿತು. ಗುಡ್ಡದ ಮೊದಲ ತಿರುವಿನಲ್ಲಿ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಪಂಪಾಪತಪ್ಪ ಕಿಕ್ ಹೊಡೆದೂ ಹೊಡೆದೂ ಸುಸ್ತಾಗಿ, ಬೀದಿಯವರ ಎದುರೇ ತಳ್ಳಿಕೊಂಡು ಬಂದರು.

"ದರಿದ್ರ ಗುಜರಿ! ನೀನೇ ಇಟ್ಕೋ!"

"ಮಗಳ ಹೆಸರು ಸಾರ್?"

"ಇರುತ್ತೆ ಬಿಡೋ!"

ಚಂದ್ರಿಕಾ ಬಂದಳು. ಬಗ್ಗಿ ಟ್ಯಾಂಕಿನ ಕೆಳಗೆ ಏನೋ ತಿರುಗಿಸಿದಳು, ಕಿಕ್ ಹೊಡೆದಳು, ಬರ್ರೆಂದು ಗುಡ್ಡ ಹತ್ತಿಬಿಟ್ಟಳು.

"ಏನು ಮಾಡಿದ್ಲೋ ಅವಳು?" ಪಂಪಾಪತಪ್ಪ ಬೆವರು ಒರೆಸುವುದನ್ನೇ ಮರೆತರು.

"ಪೆಟ್ರೋಲ್ ಟ್ಯಾಪು ತೆಗೆದಳು ಸಾರ್. ಹಳೇ ಗಾಡಿ ನಿಲ್ಲಿಸಿದಾಗ ಮುಚ್ಚಿರ್ತೀವಿ. ಪೈಪಲ್ಲಿ ಉಳಿದಿರೋದು ಮೊದಲ ತಿರುವಿನವರೆಗೆ ಸಾಕು. ಆ ಒಂದು ಮಾತು ಹೇಳೋಕೇ ಹೊರಟಿದ್ದೆ. ಆದ್ರೆ ನಾನು ಹುಟ್ಟೋ ಮೊದಲೇ ಓಡಿಸ್ದೋರಿಗೆ ಇಷ್ಟೂ ಗೊತ್ತಿರಲ್ವಾ ಅಂತ ಸುಮ್ನಾದೆ."