ಸ್ವಂತ ಸರ್ವರಿನ ಉಳಿತಾಯ

"ಗುರುಗಳೇ, ಮಠದ ತಾಳೆಗರಿಗಳ ಚಿತ್ರಗಳನ್ನೂ ಪ್ರವಚನಗಳ ಧ್ವನಿಮುದ್ರಣಗಳನ್ನೂ ಇಡಲು ಸ್ವಂತ ಸರ್ವರ್ ಕೊಳ್ಳುವುದು ಮೇಲೋ, ಕ್ಲೌಡಿನಲ್ಲಿ ಬಾಡಿಗೆಗೆ ಜಾಗ ಹಿಡಿಯುವುದು ಮೇಲೋ?" ಎಂದು ಶಿಷ್ಯ ನಿರಂಜನ ಕೇಳಿದ.

ಅವನು ಎರಡೂ ಕಡೆಯ ಖರ್ಚನ್ನು ಹೋಲಿಸಿ ನೋಡಿದ್ದ. ಸ್ವಂತದ್ದೇ ಅಗ್ಗ ಎಂದು ತೀರ್ಮಾನಿಸಿದ್ದ. ಗುರುಗಳ ಒಪ್ಪಿಗೆ ಮಾತ್ರ ಬೇಕಿತ್ತು.

ಗುರುಗಳು ಹೇಳಿದರು:

ಗುಳೇದಗುಡ್ಡದಲ್ಲಿ ಒಬ್ಬ ವರ್ತಕನಿದ್ದ. ನೇಕಾರರಿಂದ ರವಿಕೆಯ ಖಣ ಕೊಂಡು ಅಂತರ್ಜಾಲದ ಅಂಗಡಿಯಲ್ಲಿ ಮಾರುತ್ತಿದ್ದ. ಆ ಅಂಗಡಿ ಮೊದಮೊದಲು ಕ್ಲೌಡಿನಲ್ಲಿತ್ತು. ಅಂದರೆ, ಯಾವುದೋ ಕಂಪನಿಯ ಯಂತ್ರದಲ್ಲಿ ಬಾಡಿಗೆಯ ಜಾಗ. ವ್ಯಾಪಾರ ಬೆಳೆದಂತೆ ಬಾಡಿಗೆಯೂ ಬೆಳೆಯಿತು. ಹಬ್ಬದ ತಿಂಗಳಲ್ಲಿ ಗಿರಾಕಿಗಳು ನುಗ್ಗಿದರೆ ವರ್ತಕನಿಗೆ ಸಂತೋಷಕ್ಕಿಂತ ಹೆಚ್ಚು ಬಿಲ್ಲಿನ ಭಯವಾಗುತ್ತಿತ್ತು.

ಅವನ ಬಳಿ ಮಹಾರುದ್ರ ಎಂಬ ಯುವಕ ಕೆಲಸಕ್ಕಿದ್ದ. ತಾಯಿಯಿಲ್ಲದ ಅವನನ್ನು ಅಕ್ಕ ಬಸಲಿಂಗವ್ವ ಮಗ್ಗದ ಮುಂದೆ ಕೂತು ದುಡಿದು ಓದಿಸಿದ್ದಳು. ಅವನೇ ವರ್ತಕನಿಗೆ ದಾರಿ ತೋರಿಸಿದ. ಸರ್ವರುಗಳನ್ನು ನಾವೇ ಕೊಳ್ಳೋಣ, ಬೆಂಗಳೂರಿನ ಒಂದು ಡೇಟಾ ಸೆಂಟರಿನಲ್ಲಿ ಇಡೋಣ. ಜಾಗ, ಕರೆಂಟು, ಕಾವಲು ಅವರದು. ಯಂತ್ರ ನಮ್ಮದು, ಅದನ್ನು ನೋಡಿಕೊಳ್ಳುವುದೂ ನಮ್ಮದು. ಎರಡು ವರ್ಷದಲ್ಲಿ ಹಾಕಿದ ಹಣ ಹುಟ್ಟುತ್ತದೆ ಎಂದ.

ಹುಟ್ಟಿತು. ಲೆಕ್ಕ ತಪ್ಪಲಿಲ್ಲ. ವರ್ತಕ ಕೆಟ್ಟವನೂ ಅಲ್ಲ. ಉಳಿದ ಹಣದಲ್ಲಿ ನೇಕಾರರಿಗೆ ಹೆಚ್ಚು ಬೆಲೆ ಕೊಟ್ಟ, ಮಹಾರುದ್ರನ ಸಂಬಳ ಏರಿಸಿದ. ಮಹಾರುದ್ರ ಬೆಂಗಳೂರಿನಲ್ಲಿ ಆ ಡೇಟಾ ಸೆಂಟರಿನ ಹತ್ತಿರವೇ ಕೋಣೆ ಹಿಡಿದ. ಯಂತ್ರ ಯಾವಾಗ ಕೈಕೊಡುತ್ತದೋ ಹೇಳಲಾಗದು. ಹಾಗಾಗಿ ಊರಿಗೆ ಹೋಗುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು.

ಒಮ್ಮೆ ಅವನು ವರ್ತಕನನ್ನು ಕೇಳಿದ: "ಸಾಹುಕಾರರೇ, ಇನ್ನೊಬ್ಬರಿಗೆ ಈ ಕೆಲಸ ಕಲಿಸಿ ಜೊತೆಗಿಟ್ಟುಕೊಳ್ಳೋಣವೇ?"

"ಆ ಸಂಬಳವನ್ನೂ ಸೇರಿಸಿದರೆ ಬಾಡಿಗೆಗೂ ಇದಕ್ಕೂ ವ್ಯತ್ಯಾಸ ಏನು ಉಳಿಯಿತು, ತಮ್ಮಾ?" ಎಂದ ವರ್ತಕ.

ಅದೂ ನಿಜವೇ ಆಗಿತ್ತು. ಮಹಾರುದ್ರ ಒಬ್ಬನೇ ಕೆಲಸ ಮುಂದುವರಿಸಿದ.

ಬಸಲಿಂಗವ್ವನಿಗೆ ಹೃದಯದ ಕಾಯಿಲೆ ಬಂತು. ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ ಎಂದಾಯಿತು. ತಮ್ಮನ ಮುಖ ನೋಡಿಯೇ ಒಳಗೆ ಹೋಗುತ್ತೇನೆ ಎಂದು ಅವಳು ಹೇಳಿ ಕಳಿಸಿದಳು. ವರ್ತಕ ಕೂಡಲೇ ರಜೆ ಕೊಟ್ಟ, ಖರ್ಚಿಗೆ ಹಣವನ್ನೂ ಕಳಿಸಿದ. ಮಹಾರುದ್ರ ಶಸ್ತ್ರಚಿಕಿತ್ಸೆಯ ಹಿಂದಿನ ದಿನವೇ ಬಸ್ಸು ಹತ್ತಿದ.

ಬಸ್ಸು ಚಿತ್ರದುರ್ಗ ಮುಟ್ಟಿದಾಗ ವರ್ತಕನ ಫೋನ್ ಬಂತು. ಅಂಗಡಿ ತೆರೆಯುತ್ತಿರಲಿಲ್ಲ. ಸರ್ವರಿನಲ್ಲಿ ಮಾಹಿತಿ ಇಡುವ ಡಿಸ್ಕುಗಳು ಕೆಟ್ಟಿದ್ದವು. ದೀಪಾವಳಿಗೆಂದು ನೇಕಾರರು ರಾಶಿರಾಶಿಯಾಗಿ ನೇಯ್ದುಕೊಟ್ಟಿದ್ದ ಖಣಗಳು ಗೋದಾಮಿನಲ್ಲಿ ತುಂಬಿದ್ದವು.

"ನಾನು ಬಾ ಎನ್ನುವುದಿಲ್ಲ. ಆದರೆ ನಿನ್ನನ್ನು ಬಿಟ್ಟರೆ ಬೇರೆ ಯಾರನ್ನೂ ಡೇಟಾ ಸೆಂಟರಿನವರು ಒಳಗೆ ಬಿಡುವುದಿಲ್ಲವಂತೆ" ಎಂದ ವರ್ತಕ.

ಮಹಾರುದ್ರ ಬಸ್ಸಿನಿಂದ ಇಳಿದ. ರಸ್ತೆ ದಾಟಿ ಬೆಂಗಳೂರಿನ ಬಸ್ಸು ಹತ್ತಿದ. ಡಿಸ್ಕು ಬದಲಿಸಿ, ಕಳೆದುಹೋದದ್ದನ್ನು ಮತ್ತೆ ತುಂಬಿ, ಅಂಗಡಿ ತೆರೆಯುವ ಹೊತ್ತಿಗೆ ಬೆಳಗಾಗಿತ್ತು. ಆ ಹಬ್ಬದಲ್ಲಿ ಒಂದು ಖಣವೂ ಉಳಿಯಲಿಲ್ಲ.

ಹುಬ್ಬಳ್ಳಿಯಲ್ಲಿ ಬಸಲಿಂಗವ್ವ ಬಾಗಿಲ ಕಡೆ ನೋಡುತ್ತ ತಡಮಾಡಿದಳು. ವೈದ್ಯರು ಇನ್ನು ಕಾಯಲಾಗದು ಎಂದರು. ಒಳಗೆ ಹೋದವಳು ಉಳಿಯಲಿಲ್ಲ. ಮಹಾರುದ್ರ ಬಂದು ಕಂಡದ್ದು ಅವಳ ಶವವನ್ನು.

ಕಾರ್ಯಗಳೆಲ್ಲ ಮುಗಿದ ಮೇಲೆ ಅವನು ವರ್ತಕನ ಮನೆಗೆ ಬಂದ. ಡೇಟಾ ಸೆಂಟರಿನ ಒಳಗೆ ಹೋಗುವ ಕಾರ್ಡನ್ನು ಅವನ ಮುಂದಿಟ್ಟ.

"ನನ್ನ ಮೇಲೆ ಸಿಟ್ಟೇ?" ಎಂದು ವರ್ತಕ ಕೇಳಿದ.

"ಇಲ್ಲ, ಸಾಹುಕಾರರೇ. ನೀವು ಬಾ ಎನ್ನಲಿಲ್ಲ. ಇಳಿದವನು ನಾನೇ. ಇನ್ನೊಮ್ಮೆ ಫೋನ್ ಬಂದರೆ ಇನ್ನೊಮ್ಮೆ ಇಳಿಯುತ್ತೇನೆ. ಅದಕ್ಕೇ ಬೇಡ."

ವರ್ತಕ ಅವನನ್ನು ತಡೆಯಲಿಲ್ಲ. ಯಂತ್ರಗಳನ್ನು ಸಿಕ್ಕ ಬೆಲೆಗೆ ಮಾರಿದ. ಮೊದಲಿಗಿಂತ ದುಬಾರಿ ಬಾಡಿಗೆಗೆ ಅಂಗಡಿಯನ್ನು ಮತ್ತೆ ಕ್ಲೌಡಿಗೆ ಒಯ್ದ. ನೇಕಾರರಿಗೆ ಕೊಡುತ್ತಿದ್ದ ಬೆಲೆಯನ್ನು ಇಳಿಸಬೇಕಾಯಿತು. ಅವರು ಬೈದರು. ಸ್ವಂತದ್ದನ್ನು ಬಿಟ್ಟು ಬಾಡಿಗೆಗೆ ಹೋದ ದಡ್ಡ ಎಂದು ಊರು ನಕ್ಕಿತು. ಅವನು ಯಾರಿಗೂ ಕಾರಣ ಹೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ನಿರಂಜನ ಸ್ವಲ್ಪ ಯೋಚಿಸಿದ. ಅವನ ಮುಖ ತಿಳಿಯಾಯಿತು. "ತಿಳಿಯಿತು ಗುರುಗಳೇ. ಖರ್ಚು ಹೆಚ್ಚಾದರೂ ಬಾಡಿಗೆಯೇ ಮೇಲು. ಅಲ್ಲಿ ಯಂತ್ರ ಕೆಟ್ಟರೆ ನಮ್ಮವರು ಯಾರೂ ಬಸ್ಸಿನಿಂದ ಇಳಿಯಬೇಕಾಗಿಲ್ಲ."

"ಅಲ್ಲಿ ಇಳಿಯುವವನಿಗೂ ಒಬ್ಬ ಅಕ್ಕ ಇರುತ್ತಾಳೆ, ನಿರಂಜನ, ಅವಳ ಹೆಸರು ಮಾತ್ರ ನಿನಗೆ ಗೊತ್ತಿರುವುದಿಲ್ಲ" ಎಂದರು ಗುರುಗಳು.