ಸಾಹೇಬರು ಹಿಂದಕ್ಕೆ ಬೀಳದ ಕಥೆ

ಟೀ ಅಂಗಡಿಗೆ ಬಂದಿದ್ದೀರಿ, ಕೇಳಿ ಸ್ವಾಮಿ: ದೊಡ್ಡ ದೊಡ್ಡ ಎಂ.ಡಿ.ಗಳಿಗೆ ನಾಯಕತ್ವ ಕಲಿಸಿದವನೇ ನಾನು. ಸುಳ್ಳು ಬಿಡಿ, ಕಲಿಸಿದ್ದು ಡ್ರೈವರ್ ಪುಟ್ಟಮಾದ.

ಗೌರಿ ಹಬ್ಬದ ರಜೆ ರದ್ದು ಮಾಡಿ, ಅವನ ಕಂಪನಿಯ ಎಂ.ಡಿ. ಸಾಹೇಬರು ಮ್ಯಾನೇಜರುಗಳನ್ನೆಲ್ಲ ನಾಯಕತ್ವ ತರಬೇತಿಗೆಂದು ರೆಸಾರ್ಟಿಗೆ ಎಳೆತಂದಿದ್ದರು. ಮೇಜು ಹತ್ತಿ ಹಿಂದಕ್ಕೆ ಬೀಳಬೇಕು, ಕೆಳಗಿದ್ದವರು ಹಿಡಿಯುತ್ತಾರೆ, ಅದೇ ನಂಬಿಕೆಯಂತೆ, ತರಬೇತಿ ಕೊಡಲು ಬಂದ ಕೋಚ್ ಹೇಳಿದ್ದು!

"ಮೊದಲು ನೀನು ಬೀಳೋ ಪುಟ್ಟಮಾದ. ನಂಬಿಕೆ ಇಲ್ಲದವನಿಗೆ ಕೆಲಸವೂ ಇಲ್ಲ," ಎಂದರು ಸಾಹೇಬರು, ಕಾರು ಓಡಿಸಿಕೊಂಡು ಬಂದಿದ್ದವನನ್ನೇ ಕರೆದು.

ಪುಟ್ಟಮಾದ ಕೈ ಮುಗಿದ. "ಬೀಳ್ತೀನಿ ಸಾರ್. ಆದ್ರೆ ನಾಯಕ ಮುಂದಿರಬೇಕು ಅಂತ ಕೋಚ್ ಸಾಹೇಬ್ರು ಈಗಷ್ಟೇ ಹೇಳಿದ್ರಲ್ಲ?"

ಕೋಚ್ ಚಪ್ಪಾಳೆ ತಟ್ಟಿದ. ಸಾಹೇಬರು ವಿಧಿಯಿಲ್ಲದೆ ಮೇಜು ಹತ್ತಿ, ಹಿಂತಿರುಗಿ ನೋಡಿದರು. ಹಬ್ಬದ ಹೋಳಿಗೆ ಕಳೆದುಕೊಂಡ ಮ್ಯಾನೇಜರುಗಳು ಆಫೀಸಿನಲ್ಲಿ ನಿಲ್ಲುವ ಹಾಗೇ, ಬಹಳ ವಿನಯದಿಂದ ಕೈ ಕಟ್ಟಿ ನಿಂತಿದ್ದರು.

ಸಾಹೇಬರಿಗೆ ತಕ್ಷಣ ಸೊಂಟ ಹಿಡಿಯಿತು. "ತರಬೇತಿ ಸಾಕು, ಎಲ್ಲರೂ ಹಬ್ಬಕ್ಕೆ ಹೊರಡ್ರಪ್ಪಾ!" ಎಂದವರು, ಕೆಳಗಿಳಿಯಲು ಪುಟ್ಟಮಾದನ ಭುಜವನ್ನೇ ಗಟ್ಟಿಯಾಗಿ ಹಿಡಿದುಕೊಂಡರು.

ಕಥೆ ಹೇಳಿ ಗಂಟಲು ಒಣಗಿತು ಸ್ವಾಮಿ, ಈ ಟೀ ಕಾಸು ನೀವೇ ಕೊಟ್ಟುಬಿಡಿ.