ಹೊಂದಿದ ಫೈಲುಗಳು: ಸೊನ್ನೆ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಫೈಲು ಎಲ್ಲಿದೆಯೆಂದು ಹೇಳುವ ದಾರಿ ಸರಿಯಿದೆ, ಅದನ್ನು ಹಿಡಿಯುವ ಮಾದರಿಯೂ ಸರಿಯಿದೆ. ಆದರೂ ಒಂದಕ್ಕೊಂದು ಹೊಂದುವುದಿಲ್ಲ. ಏಕೆ?”

ಗುರುಗಳು ಹೇಳಿದರು:

ನೀಲಗಂಗಮ್ಮ ಎಂಬಾಕೆ ಹನ್ನೊಂದು ವರ್ಷ ಊರೂರು ತಿರುಗಿ, ಹೆಂಗಸರು ಬೀಸುಕಲ್ಲಿನ ಮುಂದೆ ಹಾಡುವ ಬೀಸುವ ಪದಗಳನ್ನು ಧ್ವನಿಮುದ್ರಿಸಿದ್ದರು. ಹಾಡಿದವರಲ್ಲಿ ಹಲವರು ತೀರಿಕೊಂಡಿದ್ದರು. ಕಂಪ್ಯೂಟರ್ ತುಂಬಿತು. ಹಾಡುಗಳ ಎರಡನೆಯ ಪ್ರತಿಗಳೆಲ್ಲ ಒಂದು ಫೋಲ್ಡರಿನಲ್ಲಿದ್ದವು. ಅವನ್ನಷ್ಟೇ ಅಳಿಸಲು ಒಬ್ಬ ಪ್ರೋಗ್ರಾಮರನನ್ನು ಕರೆಸಿದರು.

ಅವನು ಜಾವಾಸ್ಕ್ರಿಪ್ಟಿನಲ್ಲಿ, ಮಾದರಿಗೆ ಹೊಂದಿದ ಫೈಲನ್ನೆಲ್ಲ ಅಳಿಸುವ ಸಣ್ಣ ಪ್ರೋಗ್ರಾಮ್ ಬರೆದ. ಮಾದರಿ ಇಷ್ಟೇ: ಎರಡು ನಕ್ಷತ್ರ, ಒಂದು ಓರೆಗೆರೆ, ಮತ್ತೊಂದು ನಕ್ಷತ್ರ. ಎಷ್ಟೇ ಒಳಗಿನ ಫೋಲ್ಡರಿನಲ್ಲಿದ್ದರೂ ಎಲ್ಲ ಫೈಲನ್ನೂ ಹಿಡಿಯುವ ಗ್ಲಾಬ್ ಮಾದರಿ ಅದು. ದಾರಿಯ ಲೆಕ್ಕ ಮಾತ್ರ ಪ್ರೋಗ್ರಾಮ್ ಎಲ್ಲಿ ನಿಂತು ಓಡುತ್ತದೋ ಅಲ್ಲಿಂದ. ಪ್ರತಿಗಳ ಫೋಲ್ಡರಿನಲ್ಲಿ ನಿಂತಿದ್ದೇನೆಂದುಕೊಂಡು ಗುಂಡಿ ಒತ್ತಿದ. ಒತ್ತಿದ ಮೇಲೆ ನೋಡಿದ. ನಿಂತದ್ದು ಅದರ ಹೊರಗೆ, ಮೂಲ ಹಾಡುಗಳೂ ಇದ್ದ ಫೋಲ್ಡರಿನಲ್ಲಿ.

“ಯಾಕಪ್ಪ, ಮುಖ ಬಿಳಿಚಿಕೊಂಡಿತು?”

“ಅಮ್ಮಾ, ಎಲ್ಲವನ್ನೂ ಅಳಿಸಿಬಿಟ್ಟೆ.”

ನೀಲಗಂಗಮ್ಮ ಗೋಡೆ ಹಿಡಿದು ಕುಳಿತರು.

ಅಷ್ಟರಲ್ಲಿ ಪರದೆಯ ಮೇಲೆ ಒಂದು ಸಾಲು ಬಂತು. ಹೊಂದಿದ ಫೈಲುಗಳು: ಸೊನ್ನೆ.

ಅವನಿಗೆ ನಂಬಿಕೆ ಬರಲಿಲ್ಲ. ಒಂದು ಫೈಲು ತೆರೆದ. ಮುದುಕಿಯೊಬ್ಬಳ ದನಿ ಕೋಣೆಯಲ್ಲಿ ಹಾಡಿತು. ನೀಲಗಂಗಮ್ಮ ಕಣ್ಣೊರೆಸಿಕೊಂಡು ನಕ್ಕುಬಿಟ್ಟರು. ಅವನು ಮೇಜಿನ ಮೇಲೆ ತಲೆಯಿಟ್ಟ.

ಕಾರಣ ಆಮೇಲೆ ತಿಳಿಯಿತು. ಅವನ ಪ್ರೋಗ್ರಾಮ್ ಪ್ರತಿ ದಾರಿಯ ಮುಂದೆ ಒಂದು ಚುಕ್ಕೆ, ಒಂದು ಓರೆಗೆರೆ ಸೇರಿಸುತ್ತಿತ್ತು. ‘ಇಲ್ಲಿಂದ’ ಎಂದು ಅದರ ಅರ್ಥ. ನಕ್ಷತ್ರಗಳು ಏನನ್ನೆಲ್ಲ ಹಿಡಿದರೂ ಆ ಒಂಟಿ ಚುಕ್ಕೆಯನ್ನು ಹಿಡಿಯುವುದಿಲ್ಲ. ಹಾಗಾಗಿ ಯಾವ ಫೈಲೂ ಹೊಂದಲಿಲ್ಲ. ಒಂದು ತಪ್ಪು ಇನ್ನೊಂದು ತಪ್ಪಿಗೆ ಅಡ್ಡ ನಿಂತಿತ್ತು.

ಮರುದಿನ ಅವನು ಚುಕ್ಕೆಯನ್ನು ತೆಗೆದ. ದಾರಿಯನ್ನು ಎಲ್ಲಿಂದ ಎಣಿಸಬೇಕೆಂದು ಪ್ರತಿಗಳ ಫೋಲ್ಡರಿನ ಪೂರ್ತಿ ವಿಳಾಸವನ್ನೇ ಬರೆದ. ಏನನ್ನೂ ಅಳಿಸದೆ ಹೊಂದಿದ ಹೆಸರುಗಳ ಪಟ್ಟಿಯನ್ನಷ್ಟೇ ತರಿಸಿದ. ಇಬ್ಬರೂ ಕುಳಿತು ಒಂದೊಂದೇ ಹೆಸರು ಓದಿದರು. ಮಧ್ಯಾಹ್ನವಾಯಿತು. ಆಮೇಲೆ ಅಳಿಸಿದ. ಒಂದು ಹಾಡೂ ಕಳೆಯಲಿಲ್ಲ.

ಶಿಷ್ಯ ನಿಟ್ಟುಸಿರು ಬಿಟ್ಟು, “ಅವನ ಅದೃಷ್ಟ ದೊಡ್ಡದು ಗುರುಗಳೇ” ಎಂದ.

ಗುರುಗಳು, “ಅದೃಷ್ಟವನ್ನು ನಂಬಿದ್ದರೆ ಅವನು ಮರುದಿನ ಆ ಪಟ್ಟಿಯನ್ನು ಓದುತ್ತಿರಲಿಲ್ಲ” ಎಂದರು.

ಶಿಷ್ಯ ತನ್ನ ಫೈಲಿನ ದಾರಿಯ ಮುಂದಿದ್ದ ಚುಕ್ಕೆಯನ್ನು ತೆಗೆದು, ಮೊದಲು ಹೆಸರುಗಳ ಪಟ್ಟಿಯನ್ನು ತರಿಸಿದ.